ಕೊಚ್ಚಿ ಬಿನಾಲೆ ಮತ್ತು ನಮ್ಮ ಕರಾವಳಿಯ ಕಲೆ: ಮಂಗಳೂರು, ಉಡುಪಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಚ್ಚಿ-ಮುಝಿರಿಸ್ ಬಿನಾಲೆಯ ಬಗ್ಗೆ ಮಂಗಳೂರು ಮತ್ತು ಉಡುಪಿಯ ಕಲಾಸಕ್ತರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಸಮಕಾಲೀನ ಕಲೆ ಎಂದೊಡನೆ ಅದು ಮುಂಬೈ, ದೆಹಲಿ ಅಥವಾ ಯುರೋಪಿನವರ ವ್ಯವಹಾರವೆಂದು ದೂರ ಸರಿಯುವವರು ನಮ್ಮಲ್ಲಿ ಬಹಳ. ಆದರೆ ದೇಶದ ಅತಿ ದೊಡ್ಡ ಸಮಕಾಲೀನ ಕಲಾಪ್ರದರ್ಶನ ನಡೆಯುವುದು ನಮ್ಮದೇ ಅರಬ್ಬೀ ಸಮುದ್ರದ ದಂಡೆಯಲ್ಲಿ, ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರದಲ್ಲಿ; ಅದರ ಕತೆಯೊಳಗೆ ಮಂಗಳೂರಿನ ಎಳೆಗಳೂ ಎದ್ದು ಕಾಣುವಷ್ಟಿವೆ.

ಬಿನಾಲೆ ಎಂದರೇನು? ಮಾಮೂಲಿ ಚಿತ್ರಪ್ರದರ್ಶನಕ್ಕಿಂತ ಅದು ಹೇಗೆ ಬೇರೆ?

ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾಪ್ರದರ್ಶನಕ್ಕೆ ಈ ಹೆಸರು. ಇಟಲಿಯ ವೆನಿಸ್‌ನಲ್ಲಿ 1895ರಲ್ಲಿ ಆರಂಭವಾದದ್ದು ಇವುಗಳಲ್ಲಿ ಅತ್ಯಂತ ಹಳೆಯದು. ಜರ್ಮನಿಯ ಕಾಸೆಲ್ ನಗರದಲ್ಲಿ 1955ರಿಂದ ನಡೆಯುತ್ತಿರುವ ಡಾಕ್ಯುಮೆಂಟಾ ಎಂಬ ಕಲಾಪ್ರದರ್ಶನ ಈಗ ಐದು ವರ್ಷಕ್ಕೊಮ್ಮೆ ಬರುತ್ತದೆ. ವೆನಿಸ್‌ನಲ್ಲಿ ದೇಶಗಳಿಗೆ ಪ್ರತ್ಯೇಕ ಮಂಟಪಗಳಿರುತ್ತವೆ. ಭಾರತದ ಅಧಿಕೃತ ಮಂಟಪ ಅಲ್ಲಿ ಮೊದಲು ಕಾಣಿಸಿಕೊಂಡದ್ದು 2011ರಲ್ಲಿ, ಆ ಬಳಿಕ 2019ರಲ್ಲಿ. ಕೊಚ್ಚಿಯಲ್ಲಿ ದೇಶವಾರು ಮಂಟಪಗಳ ಪದ್ಧತಿ ಇಲ್ಲ. ಪ್ರತಿ ಆವೃತ್ತಿಗೂ ಒಬ್ಬ ಕಲಾವಿದ ಅಥವಾ ಒಂದು ಕಲಾವಿದರ ಬಳಗ ಕ್ಯುರೇಟರ್ ಆಗಿ ಒಂದು ಚಿಂತನೆಯನ್ನು ಮುಂದಿಟ್ಟು, ಅದಕ್ಕೆ ಹೊಂದುವ ಕಲಾವಿದರನ್ನು ಜಗತ್ತಿನ ನಾನಾ ಕಡೆಗಳಿಂದ ಆರಿಸುತ್ತದೆ. ಅನೇಕ ಕೃತಿಗಳು ಅಲ್ಲೇ, ಆ ಜಾಗಕ್ಕೆಂದೇ ಹುಟ್ಟುತ್ತವೆ. ಚೌಕಟ್ಟು ಹಾಕಿ ಗೋಡೆಗೆ ತೂಗಿದ ಚಿತ್ರಗಳೂ ಇರುತ್ತವೆ, ಆದರೆ ಅವು ಒಟ್ಟು ಪ್ರದರ್ಶನದ ಒಂದು ಭಾಗ ಮಾತ್ರ. ವಿಡಿಯೊ, ಧ್ವನಿ, ಪ್ರದರ್ಶನ ಕಲೆ, ಇಡೀ ಕೋಣೆಯನ್ನು ಆವರಿಸುವ ಇನ್‌ಸ್ಟಲೇಷನ್‌ಗಳೇ ಹೆಚ್ಚು.

ಇದು ಕೊಚ್ಚಿಯಲ್ಲೇ ಏಕೆ ಆರಂಭವಾಯಿತು?

ಮುಂಬೈಯಲ್ಲಿ ನೆಲೆಸಿದ್ದ ಕೇರಳ ಮೂಲದ ಕಲಾವಿದರಾದ ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು ಇದನ್ನು ಹುಟ್ಟುಹಾಕಿದರು. ಮೊದಲ ಆವೃತ್ತಿ ಆರಂಭವಾದದ್ದು 2012ರ ಡಿಸೆಂಬರ್ 12ರಂದು. ಹೆಸರಿನಲ್ಲಿರುವ ಮುಝಿರಿಸ್, ಗ್ರೀಕ್ ಮತ್ತು ರೋಮನ್ ಬರಹಗಳಲ್ಲಿ ಕಾಳುಮೆಣಸಿನ ವ್ಯಾಪಾರಕ್ಕೆ ಪ್ರಸಿದ್ಧವಾಗಿದ್ದು ಮುಂದೆ ಕಣ್ಮರೆಯಾದ ಪ್ರಾಚೀನ ಬಂದರು. ಕೊಚ್ಚಿಯ ಉತ್ತರಕ್ಕಿರುವ ಪಟ್ಟಣಂ ಎಂಬ ಹಳ್ಳಿಯಲ್ಲಿ 2007ರಿಂದ ನಡೆದ ಉತ್ಖನನಗಳಲ್ಲಿ ಸಿಕ್ಕ ಮಣ್ಣಿನ ಪಾತ್ರೆಯ ಚೂರುಗಳು, ಮಣಿಗಳು ಆ ನೆನಪನ್ನು ಮತ್ತೆ ಚರ್ಚೆಗೆ ತಂದವು. ಸಾವಿರಾರು ವರ್ಷಗಳಿಂದ ಹೊರಗಿನವರನ್ನು ಬರಮಾಡಿಕೊಂಡ ದಡದಲ್ಲಿ ಜಗತ್ತಿನ ಕಲೆಗೆ ಎಡೆಯಾಗಲಿ ಎಂಬುದು ಸ್ಥಾಪಕರ ಆಲೋಚನೆಯಾಗಿತ್ತು.

ಇನ್ನೊಂದು ಕಾರಣ ಕಟ್ಟಡಗಳು. ಪ್ರದರ್ಶನದ ಮುಖ್ಯ ನೆಲೆಯಾಗಿ ಹೆಸರಾದ ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್, 1867ರಲ್ಲಿ ಇಂಗ್ಲಿಷ್ ವ್ಯಾಪಾರಿ ಜಾನ್ ಆಸ್ಪಿನ್‌ವಾಲ್ ಆರಂಭಿಸಿದ ಕಂಪನಿಯ ಕಚೇರಿ ಮತ್ತು ಗೋದಾಮುಗಳ ಸಮುಚ್ಚಯ. ತೆಂಗಿನೆಣ್ಣೆ, ಮೆಣಸು, ಶುಂಠಿ, ಅರಿಶಿನ, ತೆಂಗಿನ ನಾರು ಇಲ್ಲಿಂದ ಹಡಗೇರುತ್ತಿದ್ದವು. ಮಂಗಳೂರಿನವರಿಗೆ ಈ ಹೆಸರು ಹೊಸದಲ್ಲ, ಏಕೆಂದರೆ ಇದೇ ಕಂಪನಿ ನಮ್ಮೂರಿನಲ್ಲಿ ಕಾಫಿ ಸಂಸ್ಕರಣೆ ನಡೆಸಿಕೊಂಡು ಬಂದಿದೆ. ಹೆಂಚಿನ ಮಾಡು, ದಪ್ಪ ಗೋಡೆ, ಹೊಳೆಗೆ ಅಥವಾ ಕಡಲಿಗೆ ತೆರೆದ ಧಕ್ಕೆ: ನಮ್ಮ ಹಳೇ ಬಂದರಿನ ಗಲ್ಲಿಗಳಲ್ಲಿ ಓಡಾಡಿದವರಿಗೆ ಕೊಚ್ಚಿಯ ಪೆಪ್ಪರ್ ಹೌಸ್, ಆನಂದ್ ವೇರ್‌ಹೌಸ್ ಮುಂತಾದ ಸ್ಥಳಗಳು ಒಳಹೊಕ್ಕ ಕೂಡಲೇ ಪರಿಚಿತವೆನಿಸುತ್ತವೆ.

ಇದುವರೆಗಿನ ಆವೃತ್ತಿಗಳಲ್ಲಿ ತಿಳಿದಿರಲೇಬೇಕಾದ ಕೃತಿಗಳು ಯಾವುವು?

ಇದು ಅತಿ ಹೆಚ್ಚು ಬರುವ ಪ್ರಶ್ನೆ. ಆಯ್ಕೆ ನನ್ನದು, ಆದುದರಿಂದ ಪಕ್ಷಪಾತವೂ ನನ್ನದೇ.

2012ರಲ್ಲಿ ವಿವಾನ್ ಸುಂದರಂ ಅವರು ಪಟ್ಟಣಂ ಉತ್ಖನನದಲ್ಲಿ ದೊರೆತ ಮಡಕೆ ಚೂರುಗಳನ್ನೇ ನೆಲದ ಮೇಲೆ ಹರಡಿ ಒಂದು ಕಲ್ಪಿತ ನಗರವನ್ನು ಕಟ್ಟಿದರು. ಅದರ ಜೊತೆಗೆ ಕಾಳುಮೆಣಸೂ ಇತ್ತು. ‘ಬ್ಲ್ಯಾಕ್ ಗೋಲ್ಡ್’ ಎಂಬ ಆ ಕೃತಿ ಬಿನಾಲೆಯ ಹೆಸರಿಗೂ ನೆಲಕ್ಕೂ ಇರುವ ಸಂಬಂಧವನ್ನು ಯಾವ ಪ್ರಸ್ತಾವನೆಗಿಂತಲೂ ಸ್ಪಷ್ಟವಾಗಿ ಹೇಳಿತು. ಅದೇ ವರ್ಷ ಸುಬೋಧ್ ಗುಪ್ತಾ ಅವರು ಕೇರಳದ ಉದ್ದನೆಯ ದೋಣಿಯೊಂದನ್ನು ಮನೆಬಳಕೆಯ ವಸ್ತುಗಳಿಂದ ತುಂಬಿ ನಿಲ್ಲಿಸಿದ್ದರು.

2014ರ ಆವೃತ್ತಿಯನ್ನು ಜಿತೀಶ್ ಕಲ್ಲಟ್ ರೂಪಿಸಿದರು. ಅನೀಶ್ ಕಪೂರ್ ಅವರ ‘ಡಿಸೆನ್ಷನ್’ ಅಲ್ಲಿ ಎಲ್ಲರ ಬಾಯಲ್ಲಿತ್ತು. ಸಮುದ್ರದ ಕಡೆಗಿದ್ದ ಕೋಣೆಯ ನೆಲದಲ್ಲಿ ಒಂದು ದೊಡ್ಡ ವೃತ್ತಾಕಾರದ ಗುಂಡಿ, ಅದರೊಳಗೆ ಕಪ್ಪು ನೀರು ಬಿಡುವಿಲ್ಲದೆ ಸುಳಿಯಾಗಿ ತಿರುಗುತ್ತಾ ಕೆಳಕ್ಕೆ ಎಳೆಯುವಂತೆ ಕಾಣುತ್ತಿತ್ತು. ನೀರಿನ ಸದ್ದು ಕಾಲಡಿಯಿಂದಲೇ ಬರುತ್ತಿತ್ತು. ಮಳೆಗಾಲದ ಹೊಳೆಯ ಸುಳಿಯ ಭಯ ಬಲ್ಲ ಕರಾವಳಿಯವರಿಗೆ ಈ ಕೃತಿಯ ಮುಂದೆ ನಿಲ್ಲಲು ಯಾವ ಕಲಾಸಿದ್ಧಾಂತವೂ ಬೇಕಿಲ್ಲ. ಪೆಪ್ಪರ್ ಹೌಸ್‌ನಲ್ಲಿ ಗಿಗಿ ಸ್ಕಾರಿಯಾ ಅವರ ಬೃಹತ್ ಲೋಹದ ಗಂಟೆಯಿತ್ತು, ಮೈತುಂಬ ತೂತುಗಳಿಂದ ನೀರು ಚಿಮ್ಮುತ್ತಿತ್ತು. ಅದನ್ನು ಎತ್ತಿ ನಿಲ್ಲಿಸಿದವರು ಹಗ್ಗ, ರಾಟೆಗಳ ಬಲದಿಂದಲೇ ಭಾರವಾದ ಹಡಗುಗಳನ್ನು ಎಳೆಯುವ ಮಲಬಾರಿನ ಖಲಾಸಿಗಳು. ಅವರ ಆ ಕುಶಲತೆಯೂ ಆ ಕೃತಿಯ ಭಾಗವೇ ಎಂದು ನನ್ನ ಭಾವನೆ.

2016ರಲ್ಲಿ ಚಿಲಿ ದೇಶದ ಕವಿ ರೌಲ್ ಝುರಿತಾ ಅವರ ‘ದಿ ಸೀ ಆಫ್ ಪೇನ್’ ಬಂತು. ಆಸ್ಪಿನ್‌ವಾಲ್ ಹೌಸ್‌ನ ಒಂದು ಉದ್ದನೆಯ ಗೋದಾಮಿನೊಳಗೆ ಸಮುದ್ರದ ನೀರನ್ನು ತುಂಬಲಾಗಿತ್ತು. ಚಪ್ಪಲಿ ಕಳಚಿ, ಪ್ಯಾಂಟು ಮಡಚಿ, ಸೀರೆ ಎತ್ತಿ ಹಿಡಿದು ನೋಡುಗರು ಆ ನೀರಿನಲ್ಲಿ ನಡೆದು ಹೋಗಬೇಕಿತ್ತು. ಎರಡೂ ಬದಿಯ ಗೋಡೆಗಳ ಮೇಲೆ ಕವಿಯ ಪ್ರಶ್ನೆಗಳು, ಕೊನೆಯ ಗೋಡೆಯ ಮೇಲೆ ಗಾಲಿಪ್ ಕುರ್ದಿ ಎಂಬ ಮಗುವಿನ ಬಗ್ಗೆ ಕೆಲವು ಸಾಲುಗಳು. 2015ರಲ್ಲಿ ಟರ್ಕಿಯ ದಡದಲ್ಲಿ ಶವವಾಗಿ ಸಿಕ್ಕ ಸಿರಿಯಾದ ನಿರಾಶ್ರಿತ ಮಗು ಅಲನ್ ಕುರ್ದಿಯ ಛಾಯಾಚಿತ್ರವನ್ನು ಜಗತ್ತೆಲ್ಲ ನೋಡಿತ್ತು. ಅವನೊಂದಿಗೆ ಮುಳುಗಿದ ಅಣ್ಣ ಗಾಲಿಪ್‌ನ ಚಿತ್ರವನ್ನು ಯಾರೂ ನೋಡಿರಲಿಲ್ಲ. ಚಿಲಿಯ ಸೇನಾಧಿಪತಿ ಪಿನೊಷೆಯ 1973ರ ಸೇನಾಕ್ರಾಂತಿಯ ಬಳಿಕ ಹಡಗೊಂದರಲ್ಲಿ ಸೆರೆಯಾಗಿದ್ದ ಕವಿ, ನೋಡದ ಆ ಮಗುವನ್ನು ತನ್ನ ಮಗನೆಂದು ಕರೆದ. ಬಿನಾಲೆಯ ಇಡೀ ಇತಿಹಾಸದಲ್ಲಿ ಇದಕ್ಕೆ ಸರಿಸಾಟಿಯಾದ ಕೃತಿ ಮತ್ತೊಂದಿಲ್ಲ ಎಂದು ನಾನು ನಂಬಿದ್ದೇನೆ. ಅದೇ ಆವೃತ್ತಿಯಲ್ಲಿ ಸ್ಲೊವೇನಿಯಾದ ಕವಿ ಅಲೆಶ್ ಶ್ಟೆಗರ್ ಅವರು ಸೆಗಣಿ, ಮಣ್ಣು ಮೆತ್ತಿದ ಪಿರಮಿಡ್ ಕಟ್ಟಿದ್ದರು. ಅದರೊಳಗಿನ ಕತ್ತಲ ಓಣಿಯಲ್ಲಿ ತಡಕಾಡುತ್ತಾ ಸಾಗಿದರೆ ದೇಶಭ್ರಷ್ಟರಾದ ಕವಿಗಳ ಪದ್ಯಗಳು ಕೇಳಿಸುತ್ತಿದ್ದವು.

2018ರ ಆವೃತ್ತಿಗೆ ಅನಿತಾ ದುಬೆ ಕ್ಯುರೇಟರ್ ಆದರು. ಈ ಹೊಣೆ ಹೊತ್ತ ಮೊದಲ ಮಹಿಳೆ ಅವರು. ದಕ್ಷಿಣ ಆಫ್ರಿಕಾದ ವಿಲಿಯಂ ಕೆಂಟ್ರಿಜ್ ಅವರ ನೆರಳಿನ ಮೆರವಣಿಗೆಯಂಥ ವಿಡಿಯೊ ಕೃತಿ, ಗುಲಾಮರಾಗಿ ಸಾಗಿಸಲ್ಪಟ್ಟವರ ಹೆಸರುಗಳನ್ನು ಬಾಟಲಿಗಳ ಮೇಲೆ ಕೆತ್ತಿ ಬಲೆಗಳಲ್ಲಿ ತೂಗುಹಾಕಿದ ಸೂ ವಿಲಿಯಮ್‌ಸನ್ ಅವರ ಕೃತಿ ಆಗ ಬಂದವು. ಕೋವಿಡ್‌ನಿಂದಾಗಿ ಐದನೆಯ ಆವೃತ್ತಿ 2022ರ ಕೊನೆಗೆ ಜಾರಿತು. ಅದನ್ನು ಶುಬಿಗಿ ರಾವ್ ರೂಪಿಸಿದರು. ಆರನೆಯದು ಗೋವಾದ ಎಚ್‌ಎಚ್ ಆರ್ಟ್ ಸ್ಪೇಸಸ್ ಬಳಗದೊಂದಿಗೆ ನಿಖಿಲ್ ಚೋಪ್ರಾ ಅವರ ಕ್ಯುರೇಟರಿಕೆಯಲ್ಲಿ, 2025ರ ಡಿಸೆಂಬರ್ 12ರಿಂದ 2026ರ ಮಾರ್ಚ್ 31ರವರೆಗೆ ನಿಗದಿಯಾದದ್ದು.

ಕನ್ನಡ ನಾಡಿನ ಕಲಾವಿದರು ಇದರಲ್ಲಿ ಇದ್ದಾರೆಯೇ?

ಮುಖ್ಯ ಸ್ಥಾನಗಳಲ್ಲೇ ಇದ್ದಾರೆ. 2016ರ ಆವೃತ್ತಿಯ ಕ್ಯುರೇಟರ್ ಸುದರ್ಶನ್ ಶೆಟ್ಟಿ ಹುಟ್ಟಿದ್ದು 1961ರಲ್ಲಿ, ಮಂಗಳೂರಿನಲ್ಲಿ. ಅವರ ತಂದೆ ಯಕ್ಷಗಾನ ಕಲಾವಿದರು. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತ ಶೆಟ್ಟಿಯವರು ಮುಂದೆ ಶಿಲ್ಪ ಮತ್ತು ಇನ್‌ಸ್ಟಲೇಷನ್‌ಗಳತ್ತ ಹೊರಳಿದರು. ಕವಿಗಳನ್ನು, ಸಂಗೀತಗಾರರನ್ನು, ನರ್ತಕರನ್ನು ದೃಶ್ಯಕಲಾವಿದರ ಸಾಲಿನಲ್ಲೇ ಕೂರಿಸಿದ್ದು ಅವರ ಆವೃತ್ತಿಯ ವಿಶೇಷ. ಮಾತು, ಹಾಡು, ಕುಣಿತ, ಬಣ್ಣ ಒಂದೇ ರಂಗದಲ್ಲಿ ಕೂಡುವ ಆಟವನ್ನು ಮನೆಯಲ್ಲೇ ಕಂಡು ಬೆಳೆದವರಿಗೆ ಕಲೆಗಳ ನಡುವಿನ ಬೇಲಿಗಳು ಅಷ್ಟೊಂದು ಗಟ್ಟಿಯಾಗಿ ಕಾಣಿಸದಿರುವುದು ಸಹಜವೆಂದು ನನಗನಿಸುತ್ತದೆ.

ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ ಅವರು ಕ್ರಿಸ್ಟೋಫ್ ಸ್ಟೋರ್ಜ್ ಅವರ ಜೊತೆಗೂಡಿ 2012ರಲ್ಲಿ ಬೆಂಗಳೂರಿನ ರುಬ್ಬುವ ಕಲ್ಲುಗಳನ್ನು ಆಸ್ಪಿನ್‌ವಾಲ್ ಹೌಸ್‌ಗೆ ತಂದಿರಿಸಿದ್ದರು. ಮಿಕ್ಸಿ, ಗ್ರೈಂಡರುಗಳು ಬಂದ ಮೇಲೆ ಮನೆಯೊಳಗೆ ಜಾಗವಿಲ್ಲದೆ, ಪೂಜೆಗೊಂಡ ಕಲ್ಲನ್ನು ಒಡೆಯಲೂ ಮನಸ್ಸಾಗದೆ ಜನ ಬೀದಿ ಬದಿಯಲ್ಲಿ ಬಿಟ್ಟು ಹೋದ ಕಲ್ಲುಗಳವು. ಇದೇ ಕಲಾವಿದೆ 2009ರ ವೆನಿಸ್ ಬಿನಾಲೆಯಲ್ಲಿ ಕೂದಲಿನ ಹಗ್ಗಗಳಿಂದ ಕಾರಿನ ಬಂಪರುಗಳನ್ನು ತೂಗುಬಿಟ್ಟ ‘ಬಿಹೋಲ್ಡ್’ ಕೃತಿಯನ್ನು ತೋರಿಸಿದ್ದರು. ವಾಹನಕ್ಕೆ ದೃಷ್ಟಿ ತಾಗದಿರಲೆಂದು ಕಟ್ಟುವ ಕೂದಲಿನ ಹಗ್ಗ ನಮ್ಮ ರಸ್ತೆಗಳಲ್ಲಿ ಎಲ್ಲರೂ ಕಂಡದ್ದೇ. ಮೈಸೂರಿನ ಎನ್.ಎಸ್. ಹರ್ಷ ಅವರ ‘ಪುನರಪಿ ಜನನಂ ಪುನರಪಿ ಮರಣಂ’ ಎಂಬ ಗೋಡೆಯುದ್ದದ ಚಿತ್ರ 2014ರಲ್ಲಿತ್ತು. ದೂರದಿಂದ ಅದು ಒಂದೇ ಬೀಸಿನ ದೊಡ್ಡ ಸುತ್ತು, ಹತ್ತಿರ ಹೋದರೆ ಆ ಸುತ್ತಿನೊಳಗೆ ನಕ್ಷತ್ರ, ಗ್ರಹಗಳ ಇಡೀ ಬ್ರಹ್ಮಾಂಡ.

ಇನ್‌ಸ್ಟಲೇಷನ್ ನನಗೆ ಅರ್ಥವಾಗುವುದೇ ಇಲ್ಲ. ಹೇಗೆ ನೋಡಬೇಕು?

ಮೊದಲಿಗೆ ಪಕ್ಕದ ಫಲಕವನ್ನು ಓದಬೇಡಿ. ಕೋಣೆಯೊಳಗೆ ಸುಮ್ಮನೆ ನಿಂತು, ಇದು ಯಾವ ವಸ್ತುವಿನಿಂದ ಆಗಿದೆ, ಎಲ್ಲಿಂದ ಬೆಳಕು ಬರುತ್ತಿದೆ, ಯಾವ ವಾಸನೆಯಿದೆ, ನನ್ನ ದೇಹ ಇಲ್ಲಿ ಎಲ್ಲಿ ನಿಲ್ಲಬೇಕಾಗಿದೆ ಎಂಬುದನ್ನು ಗಮನಿಸಿ. ಆಮೇಲೆ ಫಲಕ ಓದಿ, ಮತ್ತೊಮ್ಮೆ ನೋಡಿ. ವಿಡಿಯೊ ಕೃತಿಗಳ ಮುಂದೆ ಒಂದು ನಿಮಿಷ ನಿಂತು ಹೊರಡುವುದಕ್ಕಿಂತ, ಐದೇ ಕೃತಿಗಳನ್ನು ಆರಿಸಿಕೊಂಡು ಪೂರ್ತಿ ನೋಡುವುದು ಮೇಲು. ಇಡೀ ರಾತ್ರಿಯ ಬಯಲಾಟಕ್ಕೆ ಕೂತವರು ಪ್ರತಿಯೊಂದು ಪದ್ಯದ ಅರ್ಥ ತಿಳಿದೇ ಕೂತಿರುವುದಿಲ್ಲ. ಚೆಂಡೆಯ ಪೆಟ್ಟು, ವೇಷದ ಪ್ರವೇಶ, ನಡುರಾತ್ರಿಯ ಚಳಿ ಎಲ್ಲವೂ ಸೇರಿ ಪ್ರಸಂಗ ಮೈಗೆ ಹತ್ತುತ್ತದೆ. ಆ ತಾಳ್ಮೆ ನಮ್ಮವರಿಗೆ ಹೊಸತಲ್ಲ. ಇಷ್ಟವಾಗದ ಕೃತಿಯನ್ನು ಇಷ್ಟವಾಗಲಿಲ್ಲ ಎಂದು ಹೇಳುವ ಹಕ್ಕೂ ನಿಮಗಿದೆ. ಎಲ್ಲ ಬಿನಾಲೆಗಳಲ್ಲೂ ಫಲಕದ ಭಾರವಾದ ಮಾತುಗಳ ಮೇಲೆಯೇ ನಿಂತ ದುರ್ಬಲ ಕೃತಿಗಳು ಇದ್ದೇ ಇರುತ್ತವೆ, ಅವನ್ನು ಗುರುತಿಸುವುದು ನೋಡುವ ಕಲಿಕೆಯ ಭಾಗ.

ಮಂಗಳೂರು, ಉಡುಪಿಯಿಂದ ಹೋಗುವುದು ಹೇಗೆ? ಎಷ್ಟು ದಿನ ಬೇಕು?

ಮಂಗಳೂರಿನಿಂದ ಕೊಚ್ಚಿಗೆ ಸುಮಾರು 400 ಕಿಲೋಮೀಟರ್. ಮಂಗಳೂರು ಸೆಂಟ್ರಲ್‌ನಿಂದ ಸಂಜೆ ಹೊರಡುವ ಮಲಬಾರ್ ಮತ್ತು ಮಾವೇಲಿ ಎಕ್ಸ್‌ಪ್ರೆಸ್‌ಗಳು ನಸುಕಿಗೂ ಮುನ್ನ ಎರ್ನಾಕುಳಂ ಮುಟ್ಟಿಸುತ್ತವೆ. ಹಗಲು ಪ್ರಯಾಣ ಬೇಕಿದ್ದವರಿಗೆ ಪರಶುರಾಮ್ ಮತ್ತು ವಂದೇ ಭಾರತ್ ಇವೆ. ಉಡುಪಿಯವರಿಗೆ ನೇತ್ರಾವತಿ ಮತ್ತು ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್‌ಗಳು ನೇರ ಸಿಗುತ್ತವೆ. ಎರ್ನಾಕುಳಂನಿಂದ ಫೋರ್ಟ್ ಕೊಚ್ಚಿಗೆ ರಸ್ತೆಗಿಂತ ನೀರಿನ ದಾರಿಯೇ ಸೊಗಸು: ಹಳೆಯ ಬೋಟ್ ಸೇವೆ ಇದೆ, ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೊ ಕೂಡ ಇದೆ. ಒಂದೇ ದಿನದಲ್ಲಿ ಎಲ್ಲ ನೋಡಿ ಮುಗಿಸುವ ಹಟ ಬೇಡ, ಎರಡು ದಿನವಾದರೂ ಇಟ್ಟುಕೊಳ್ಳಿ. ಸ್ಥಳಗಳೂ ಪ್ರವೇಶ ಶುಲ್ಕವೂ ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದರಿಂದ ಹೊರಡುವ ಮೊದಲು ಬಿನಾಲೆಯ ಅಧಿಕೃತ ಜಾಲತಾಣವನ್ನು ನೋಡಿಕೊಳ್ಳುವುದು ಒಳ್ಳೆಯದು.

ಮಕ್ಕಳನ್ನು ಕರೆದುಕೊಂಡು ಹೋಗಬಹುದೇ?

ಖಂಡಿತ. ದೊಡ್ಡವರಿಗಿಂತ ಅವರೇ ಚೆನ್ನಾಗಿ ನೋಡುತ್ತಾರೆ. ಬಿಸಿಲು ಮತ್ತು ನಡಿಗೆ ಮಾತ್ರ ಹೆಚ್ಚು.

ಬಿನಾಲೆಯ ಹೊರಗೆ ಕೊಚ್ಚಿಯಲ್ಲಿ ಮಂಗಳೂರಿನವರು ನೋಡಲೇಬೇಕಾದದ್ದು ಏನಾದರೂ ಇದೆಯೇ?

ಫೋರ್ಟ್ ಕೊಚ್ಚಿಯ ಸಾಂತಾ ಕ್ರೂಜ್ ಬೆಸಿಲಿಕಾ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ ಮತ್ತು ಚಾವಣಿಗಳನ್ನು 1899ರಿಂದ 1901ರ ನಡುವೆ ಚಿತ್ರಗಳಿಂದ ತುಂಬಿದ ಇಟಲಿಯ ಜೆಸುಯಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ ಅವರೇ ಈ ಬೆಸಿಲಿಕಾದ ಚಿತ್ರಗಳನ್ನೂ ಬರೆದರು, ಅವರ ಜೊತೆ ಕೆಲಸ ಮಾಡಿದ ಶಿಷ್ಯ ಡಿಗಾಮಾ ಮಂಗಳೂರಿನವರು. ಲಿಯೊನಾರ್ಡೊ ಅವರ ಪ್ರಸಿದ್ಧ ಚಿತ್ರವನ್ನು ಅನುಸರಿಸಿದ ಕೊನೆಯ ಭೋಜನದ ದೃಶ್ಯವೂ ಅಲ್ಲಿದೆ. 1905ರ ನವೆಂಬರ್ 19ರಂದು ಆ ಚರ್ಚಿನ ಪ್ರತಿಷ್ಠೆ ನಡೆಯಿತು. ಅದಕ್ಕೆ ಕೆಲವೇ ದಿನಗಳ ಮೊದಲು ಮೊಸ್ಕೇನಿ ಕೊಚ್ಚಿಯಲ್ಲೇ ತೀರಿಕೊಂಡರು.

ಲೈಟ್‌ಹೌಸ್ ಹಿಲ್‌ನ ನಮ್ಮ ಚಾಪೆಲ್ಲನ್ನು ನೆಂಟರಿಗೆ ತೋರಿಸಲೆಂದು ಮಾತ್ರ ಹೋಗುವವರು, ಕೊಚ್ಚಿಗೆ ಹೊರಡುವ ಮೊದಲು ಒಮ್ಮೆ ಒಬ್ಬರೇ ಹೋಗಿ ಕೂತುಕೊಳ್ಳಬೇಕು. ಅಲ್ಲಿನ ಗೋಡೆಗಳಲ್ಲಿರುವುದು ಫ್ರೆಸ್ಕೊ, ಎಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬಣ್ಣ ಹಚ್ಚುವ ಕೆಲಸ. ಗಾರೆ ಒಣಗುವುದರೊಳಗೆ ಚಿತ್ರ ಮುಗಿಯಬೇಕು, ಒಣಗುತ್ತಾ ಸುಣ್ಣವೇ ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ತಿದ್ದಲು ಅವಕಾಶ ಬಹಳ ಕಡಿಮೆ. ಕರಾವಳಿಯ ತೇವದ ಗಾಳಿಯಲ್ಲಿ ಅಂಥ ಕೆಲಸ ಮಾಡಿ ಉಳಿಸಿದ್ದು ಸಣ್ಣ ಸಾಧನೆಯಲ್ಲ. ಕೊಚ್ಚಿಯಲ್ಲಿ ಸಮಯ ಉಳಿದರೆ ಮಟ್ಟಾಂಚೇರಿ ಅರಮನೆಯ ಭಿತ್ತಿಚಿತ್ರಗಳನ್ನು ನೋಡಿ. ಹತ್ತಿರದ ಚೆರಳಾಯಿಯಲ್ಲಿ ಗೌಡ ಸಾರಸ್ವತರ ತಿರುಮಲ ದೇವಸ್ಥಾನವಿದೆ; ಸುತ್ತಮುತ್ತಲಿನ ಬೀದಿಯಲ್ಲಿ ಕಿವಿಗೆ ಬೀಳುವ ಕೊಂಕಣಿ ಮಂಗಳೂರಿನ ರಥಬೀದಿಯವರನ್ನು ನಿಲ್ಲಿಸಿ ಮಾತಾಡಿಸುತ್ತದೆ.

ಅಲ್ಲಿ ಕೃತಿಗಳನ್ನು ಕೊಳ್ಳಬಹುದೇ?

ಬಿನಾಲೆ ಮಾರಾಟದ ಜಾಗವಲ್ಲ. ಕೊಳ್ಳಲು ದೆಹಲಿಯ ಇಂಡಿಯಾ ಆರ್ಟ್ ಫೇರ್‌ನಂಥ ಮೇಳಗಳಿವೆ. ಸಾಮಾನ್ಯರ ಕೈಗೆಟಕುವ ಬೆಲೆಗೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ನಡೆಸುವ ಚಿತ್ರಸಂತೆ ಇದೆ.

ಕಲಾ ವಿದ್ಯಾರ್ಥಿಗಳಿಗೆ ಇದರಿಂದ ಏನು ಪ್ರಯೋಜನ?

ಬಿನಾಲೆಯ ಜೊತೆಗೇ ನಡೆಯುವ ಸ್ಟೂಡೆಂಟ್ಸ್ ಬಿನಾಲೆಯಲ್ಲಿ ದೇಶದ ನಾನಾ ಕಲಾಶಾಲೆಗಳ ವಿದ್ಯಾರ್ಥಿಗಳ ಕೃತಿಗಳು ಪ್ರದರ್ಶನಗೊಳ್ಳುತ್ತವೆ. ಮಂಗಳೂರು, ಉಡುಪಿಯ ಕಲಾಶಾಲೆಗಳ ವಿದ್ಯಾರ್ಥಿಗಳು ಮುಖ್ಯ ಪ್ರದರ್ಶನಕ್ಕಿಂತ ಮೊದಲು ಇದನ್ನು ನೋಡಲಿ ಎಂಬುದು ನನ್ನ ಸಲಹೆ. ಕಡಿಮೆ ಹಣದಲ್ಲಿ, ಕೈಗೆ ಸಿಕ್ಕ ವಸ್ತುವಿನಲ್ಲಿ ತಮ್ಮದೇ ವಯಸ್ಸಿನವರು ಏನು ಮಾಡಿದ್ದಾರೆಂದು ಕಂಡಾಗ ಹುಟ್ಟುವ ಧೈರ್ಯ ಬೇರೆಯೇ.

ಬಿನಾಲೆಯ ಬಗ್ಗೆ ಟೀಕೆಗಳಿಲ್ಲವೇ?

ಇವೆ. 2022ರಲ್ಲಿ ಡಿಸೆಂಬರ್ 12ಕ್ಕೆ ತೆರೆಯಬೇಕಿದ್ದ ಪ್ರದರ್ಶನ ಕೊನೆಯ ಗಳಿಗೆಯಲ್ಲಿ 23ಕ್ಕೆ ಮುಂದೂಡಲ್ಪಟ್ಟಿತು. ದೂರದ ದೇಶಗಳಿಂದ ಬಂದವರು ಬಾಗಿಲು ಹಾಕಿದ್ದ ಕಟ್ಟಡಗಳನ್ನು ನೋಡಿ ಮರಳಿದರು, ಭಾಗವಹಿಸಿದ ಹಲವು ಕಲಾವಿದರು ಬಹಿರಂಗ ಪತ್ರ ಬರೆದು ಸಂಘಟನೆಯ ಲೋಪಗಳನ್ನು ಪ್ರಶ್ನಿಸಿದರು. ಕಲಾವಿದರೇ ಕಟ್ಟಿದ ಸಂಸ್ಥೆಯೊಳಗೆ ಅಂಥ ಪ್ರಶ್ನೆ ಬಹಿರಂಗವಾಗಿ ಎದ್ದದ್ದು ಆರೋಗ್ಯಕರವೆಂದೇ ನಾನು ತಿಳಿಯುತ್ತೇನೆ.

ಊರು ಬಿಟ್ಟು ಹೋಗಲಾಗದವರಿಗೆ ಇಲ್ಲೇ ಏನಿದೆ?

ಆರಂಭಿಸಬೇಕಾದದ್ದು ಕೆ.ಕೆ. ಹೆಬ್ಬಾರರಿಂದ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಜೆ.ಜೆ. ಕಲಾಶಾಲೆಯಲ್ಲಿ ಮತ್ತು ಪ್ಯಾರಿಸ್‌ನಲ್ಲಿ ಕಲಿತು, ಪದ್ಮಭೂಷಣದವರೆಗೆ ಗೌರವ ಪಡೆದ ಅವರ ಹೆಸರಿನ ಗ್ಯಾಲರಿ ಮಣಿಪಾಲದಲ್ಲಿದೆ. ಒಂದೇ ಗೆರೆಯಲ್ಲಿ ಕುಣಿತವನ್ನು ಹಿಡಿಯುವ ಅವರ ರೇಖಾಚಿತ್ರಗಳನ್ನು ನೋಡಿದವರಿಗೆ ಆಧುನಿಕ ಕಲೆ ಪರಕೀಯವೆಂಬ ಮಾತು ಹಿಡಿಸದು. ಮಣಿಪಾಲದಲ್ಲೇ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಇದೆ. ಮಂಗಳೂರಿನ ಬಲ್ಲಾಳ್‌ಬಾಗ್‌ನ ಕೊಡಿಯಾಲ್‌ಗುತ್ತು ಮನೆಯಲ್ಲಿ ಕಲಾಪ್ರದರ್ಶನಗಳೂ ಮಾತುಕತೆಗಳೂ ನಡೆಯುತ್ತವೆ; ಹಳೆಯ ಮನೆಯೊಂದು ಗ್ಯಾಲರಿಯಾಗಿ ಹೇಗೆ ಉಸಿರಾಡಬಲ್ಲದು ಎಂಬುದಕ್ಕೆ ಅದು ನಮ್ಮೂರಿನದೇ ಉದಾಹರಣೆ.

ಕಾವಿ ಕಲೆಯನ್ನು ಬಿಡಬೇಡಿ. ಗೋವಾದಿಂದ ಉಡುಪಿಯವರೆಗಿನ ದೇವಸ್ಥಾನಗಳ ಗೋಡೆಗಳಲ್ಲಿ ಉಳಿದಿರುವ ಈ ಕೆಲಸದಲ್ಲಿ ಸುಣ್ಣದ ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ತೆಳು ಪದರ ಹಚ್ಚಿ, ಅದು ಹಸಿಯಿರುವಾಗಲೇ ಚೂಪಾದ ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಹೊರಗೆ ತರುತ್ತಾರೆ. ಮೊಸ್ಕೇನಿಯ ಫ್ರೆಸ್ಕೊಗೂ ಇದಕ್ಕೂ ಆಧಾರ ಒಂದೇ, ಹಸಿ ಸುಣ್ಣ. ಅಲ್ಲಿ ಬಣ್ಣವನ್ನು ಸೇರಿಸುತ್ತಾ ಚಿತ್ರ ಮೂಡಿದರೆ ಇಲ್ಲಿ ಕಳೆಯುತ್ತಾ ಮೂಡುತ್ತದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಇಂಥ ಗೋಡೆಗಳಿಗೆ ಟೈಲ್ಸ್ ಮೆತ್ತುವುದನ್ನು ನೋಡಿದರೆ ಕರುಳು ಕಿವುಚಿದಂತಾಗುತ್ತದೆ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಮರದ ಭೂತ ಶಿಲ್ಪಗಳನ್ನು ಜಗತ್ತಿನ ಯಾವ ಬಿನಾಲೆಯಲ್ಲಿಟ್ಟರೂ ಜನ ಬೆರಗಾಗಿ ನಿಲ್ಲುತ್ತಾರೆ. ಅಲ್ಲಿಂದ ಹೋದ ಹಳೆಯ ಶಿಲ್ಪಗಳು ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ.

ಮಂಗಳೂರಿನಲ್ಲೂ ಇಂಥದ್ದೊಂದು ಪ್ರದರ್ಶನ ಸಾಧ್ಯವೇ?

ಕಟ್ಟಡಗಳ ಕೊರತೆ ನಮಗಿಲ್ಲ. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ದಡದಲ್ಲಿ ಎದ್ದ ಕಾರ್ಖಾನೆಗಳು, ಬಂದರಿನ ಗೋದಾಮುಗಳು ಒಂದೊಂದಾಗಿ ಬಾಗಿಲು ಮುಚ್ಚಿ ನೆಲಸಮವಾಗುತ್ತಿವೆ. ಉಳಿದವುಗಳಲ್ಲಿ ಒಂದೆರಡನ್ನಾದರೂ ಕಲೆಗೆಂದು ಕಾಯ್ದಿರಿಸಿದರೆ ಸಾಕಷ್ಟಾಯಿತು. ಕೊಚ್ಚಿಯ ಗಾತ್ರವನ್ನು ಅನುಕರಿಸುವ ಅಗತ್ಯ ನನಗೆ ಕಾಣುವುದಿಲ್ಲ. ಅಲ್ಲಿ ಕೇರಳ ಸರ್ಕಾರದ ನೆರವು, ದೊಡ್ಡ ಪ್ರಾಯೋಜಕರು, ವರ್ಷಗಟ್ಟಲೆ ದುಡಿಯುವ ತಂಡ ಎಲ್ಲವೂ ಬೇಕಾಗಿದೆ. ನಮ್ಮಲ್ಲಿ ಮೊದಲು ಬೇಕಿರುವುದು ಉದ್ಘಾಟನೆಯ ಮರುದಿನವೂ ತೆರೆದಿರುವ ಗ್ಯಾಲರಿಗಳು ಮತ್ತು ಹಾರ ತುರಾಯಿಗಳ ವರದಿಯಾಚೆಗೆ ಕೃತಿಯನ್ನು ನೋಡಿ ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ ನೇರವಾಗಿ ವಿಮರ್ಶಿಸುವವರು.

ಬಿನಾಲೆ ಇಲ್ಲದ ತಿಂಗಳುಗಳಲ್ಲಿ ಸಮಕಾಲೀನ ಕಲೆಯನ್ನು ಎಲ್ಲಿ ನೋಡಬಹುದು?

ಬೆಂಗಳೂರಿಗೆ ಹೋಗಿಬರುವವರು ಅರಮನೆ ರಸ್ತೆಯ ಮಾಣಿಕ್ಯವೇಲು ಭವನದಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ, 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ತೆರೆದ ಕಲೆ ಮತ್ತು ಛಾಯಾಗ್ರಹಣ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಮೀಸಲಿಡಬಹುದು. ಅದೇ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿ ಹೆಬ್ಬಾರರು ಕೊಟ್ಟ ಕೃತಿಗಳ ಸಂಗ್ರಹವಿದೆ. ಅದು ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೋಗಿ.